ಸರಳ ತಂತ್ರಾಂಶ: ಮೊದಲು ಪರೀಕ್ಷೆ, ಅನಂತರ ಬಂಡವಾಳ

2006ರಲ್ಲಿ ಬೆಂಗಳೂರಿನಲ್ಲಿ ಫಣೀಂದ್ರ ಸಾಮ ಮತ್ತು ಇಬ್ಬರು ಮಿತ್ರರು ರೆಡ್‌ಬಸ್ ಸಂಸ್ಥೆಯನ್ನು ಆರಂಭಿಸಿದರು. ಬಸ್ ಮಾಲೀಕರಿಗೆಂದು ಸಿದ್ಧಪಡಿಸಿದ ತಂತ್ರಾಂಶಕ್ಕೆ ಆರಂಭದಲ್ಲಿ ಬೇಡಿಕೆ ಬರಲಿಲ್ಲ. ಆಗ ಅವರು ಮಾಲೀಕರಿಂದ ಕೆಲವೇ ಆಸನಗಳನ್ನು ಪಡೆದು, ಅಂತರಜಾಲದ ಮೂಲಕ ತಾವೇ ಟಿಕೆಟು ಮಾರಿದರು. ಬೇಡಿಕೆ ಖಚಿತವಾದಂತೆ ವ್ಯವಹಾರ ವಿಸ್ತರಿಸಿತು. 2013ರಲ್ಲಿ ಐಬಿಬೊ ಸಮೂಹವು ಸಂಸ್ಥೆಯನ್ನು ಖರೀದಿಸಿತು.

ಹಾಸನ, ಮೊಸಳೆ ಭಾಗದ ಉದ್ಯಮಿಗಳಿಗೂ ಈ ಪಾಠ ಅನ್ವಯಿಸುತ್ತದೆ. ಆಲೂಗೆಡ್ಡೆ ಮಂಡಿಗಳಿಗೆ ತಂತ್ರಾಂಶ ಮಾರಬಯಸುವವರು ಸಮಗ್ರ ಲೆಕ್ಕಪತ್ರಕ್ಕೆ ಕೈಹಾಕದೆ, ಬಾಕಿ ವಸೂಲಿಯ ಪಟ್ಟಿಯೊಂದನ್ನೇ ಮೊದಲು ಸಿದ್ಧಪಡಿಸುವುದು ಲೇಸು. ಅದನ್ನು ಎರಡು ಮಂಡಿಗಳಲ್ಲಿ ಒಂದು ತಿಂಗಳು ನಡೆಸಿ, ಖಾತೆ ಪುಸ್ತಕದೊಡನೆ ತಾಳೆ ನೋಡಬೇಕು. ಹಣ ತೆತ್ತು ಬಳಸುವವರು ದೊರೆತ ಮೇಲೆಯೇ ಮುಂದಿನ ಸೌಲಭ್ಯಕ್ಕೆ ವೆಚ್ಚ ಮಾಡಬೇಕು. ಗ್ರಾಹಕರ ಮೆಚ್ಚುಗೆಯ ಮಾತು ಬೇಡಿಕೆಯಲ್ಲ; ಕೈಸೇರಿದ ಹಣವೇ ಬೇಡಿಕೆಗೆ ಸಾಕ್ಷಿ.