ತೋಟ ಅಡವಿಟ್ಟು ಕೆನಡಾಕ್ಕೆ ಹೋಗಬೇಕೆ?

ಪ್ರಶ್ನೆ: ನನಗೆ 31 ವರ್ಷ, ಮದುವೆಯಾಗಿಲ್ಲ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎಂಟು ವರ್ಷದಿಂದ ಶಿವಮೊಗ್ಗದಲ್ಲಿ ನರ್ಸ್. ಏಜೆಂಟರೊಬ್ಬರು ಕೆನಡಾ ಪಿ.ಆರ್. (ಕಾಯಂ ವಾಸದ ಅನುಮತಿ) ಗ್ಯಾರಂಟಿ ಎಂದು ಆರು ಲಕ್ಷ ಕೇಳುತ್ತಿದ್ದಾರೆ. ಈಗ ಬಿಟ್ಟರೆ ಬಾಗಿಲು ಮುಚ್ಚುತ್ತದಂತೆ. ಅಪ್ಪ ಅಡಿಕೆ ತೋಟ ಅಡವಿಡಲು ಹೊರಟಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಅಪ್ಪನ ಕೈಯಲ್ಲಿ ಅಡವು ಪತ್ರಕ್ಕೆ ಸಹಿ ಹಾಕಿಸಬೇಡಿ. ನೀವು ಕಳಿಸಿದ ಒಪ್ಪಂದದ ಫೋಟೊ ಓದಿದೆ. ‘ಗ್ಯಾರಂಟಿ’ ಎಂಬ ಪದ ಮೂರು ಪುಟದಲ್ಲಿ ಒಂದು ಕಡೆಯೂ ಇಲ್ಲ. ಶುಲ್ಕ ವಾಪಸಿಲ್ಲ ಎಂಬುದು ಮಾತ್ರ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದೆ.

ಪಿ.ಆರ್. ಯಾವ ಏಜೆಂಟರ ಕೈಯಲ್ಲೂ ಇಲ್ಲ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಕೆನಡಾದ ಆಯ್ಕೆ ಪದ್ಧತಿಯಲ್ಲಿ ವಯಸ್ಸು, ಓದು, ಭಾಷೆ, ಅನುಭವಕ್ಕೆ ಅಂಕ ಕೊಟ್ಟು ಸರ್ಕಾರವೇ ಕರೆಯುತ್ತದೆ; ಅರ್ಜಿಯನ್ನು ನೀವೇ ಹಾಕಬಹುದು. ವಯಸ್ಸು ಹೆಚ್ಚಿದಂತೆ ಅಂಕ ಇಳಿಯುವುದು ಸುಳ್ಳಲ್ಲ. ಒಂಟಿ ಅರ್ಜಿದಾರರಿಗೆ 29ರವರೆಗೆ 110 ಅಂಕ, 31ಕ್ಕೆ 99, 35ಕ್ಕೆ 77. ಆದರೂ ವರ್ಷಕ್ಕೆ ಐದಾರು ಅಂಕ ಹೋಗುತ್ತದೆಂದು ತೋಟ ಕಳೆದುಕೊಳ್ಳುವುದೇ? ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಚೆನ್ನಾಗಿ ಬರೆದರೆ ಅದಕ್ಕಿಂತ ಹೆಚ್ಚು ಗಳಿಸಬಹುದು.

ಇನ್ನು ಬಾಗಿಲ ಮಾತು. 2025ಕ್ಕೆ 5 ಲಕ್ಷ ಹೊಸಬರು ಎಂದಿದ್ದ ಕೆನಡಾ, ಮನೆಗಳ ಅಭಾವಕ್ಕೆ ಜನ ಸಿಟ್ಟಾದ ಮೇಲೆ ಅದನ್ನು 3.95 ಲಕ್ಷಕ್ಕೆ ಇಳಿಸಿತು. ವೃದ್ಧರ ಆರೈಕೆಗೆ 2022ರಲ್ಲಿ ಹೊರಗಿನವರನ್ನು ಕರೆದ ಬ್ರಿಟನ್, 2025ರ ಜುಲೈನಲ್ಲಿ ಹೊಸ ನೇಮಕ ನಿಲ್ಲಿಸಿತು. ಈ ನಡುವೆಯೇ, 2024ರಲ್ಲಿ, ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ ಹೇಳಿತು. ಅಲ್ಲಿ ವಯಸ್ಸಾದವರು ಹೆಚ್ಚು, ನೋಡಿಕೊಳ್ಳುವ ಕೈಗಳು ಕಡಿಮೆ. ಎಲ್ಲರೂ ತಮ್ಮ ಗರಜಿಗೆ ತೆರೆಯುತ್ತಾರೆ, ಗರಜು ತೀರಿದಾಗ ಮುಚ್ಚುತ್ತಾರೆ. ಒಂದೇ ದೇಶದ ಮೇಲೆ ಮನೆಯ ಆಸ್ತಿ ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ.

ಕೆನಡಾ ಅರ್ಜಿ ಒಂದು ಕಡೆ ಇರಲಿ, ಜರ್ಮನ್ ಕಲಿಯಲು ಶುರು ಮಾಡಿ. ನರ್ಸ್ ಎಂದು ಪೂರ್ಣ ಮಾನ್ಯತೆಗೆ ಸಾಮಾನ್ಯವಾಗಿ ಭಾಷೆಯಲ್ಲಿ ಬಿ2 ಮಟ್ಟ ಬೇಕು. ನೈಟ್ ಡ್ಯೂಟಿ ಮುಗಿಸಿ ಬಂದು ವ್ಯಾಕರಣದ ಪುಸ್ತಕ ಬಿಡಿಸುವುದು ಸುಲಭವಲ್ಲ, ವರ್ಷಕ್ಕಿಂತ ಹೆಚ್ಚೇ ಹಿಡಿಯಬಹುದು. ಆದರೆ ಎಂಟು ವರ್ಷ ವಾರ್ಡಿನಲ್ಲಿ ದುಡಿದವರಿಗೆ ಅದು ಆಗದ ಕೆಲಸವೂ ಅಲ್ಲ. ಕೆಲಸ ಕೊಡಿಸುತ್ತೇವೆ ಎನ್ನುವ ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ. ಈಗಿನ ನಿಯಮದಂತೆ ಅವರು ನಿಮ್ಮಿಂದ 30,000 ರೂಪಾಯಿ ಮತ್ತು ಜಿಎಸ್‌ಟಿ ಬಿಟ್ಟು ಹೆಚ್ಚಿನ ಸೇವಾ ಶುಲ್ಕ ಪಡೆಯುವಂತಿಲ್ಲ.

ಆರು ಲಕ್ಷದವರಿಗೆ ಈ ವಾರವೇ ‘ಬೇಡ’ ಎಂದು ಹೇಳಿಬಿಡಿ. ಅದಕ್ಕೂ ಮೊದಲು ಅಪ್ಪನ ಜೊತೆ ಕೂತು ಆ ಕೊನೆಯ ಪುಟವನ್ನು ಓದಿ ಹೇಳಿ.