ನಿಮ್ಮೂರೇ ನಿಮ್ಮ ಪೋರ್ಟ್‌ಫೋಲಿಯೋ: ಫೋಟೋಗ್ರಫಿಯಲ್ಲಿ ಗೆಲ್ಲಲು 10 ಸೂತ್ರಗಳು

"ನಮ್ಮೂರಾಗ ಫೋಟೋ ತೆಗಿಯಾಕ ಏನದರೀ?" ನಾರಾಯಣಪುರ, ಸುರಪುರ, ಶಹಾಪುರ, ಯಾದಗಿರಿ, ಯಾವ ಊರಿನ ಹುಡುಗರನ್ನು ಕೇಳಿದರೂ ಮೊದಲು ಬರುವ ಮಾತು ಇದೇ. ಇದನ್ನು ವಿನಯ ಅಂದುಕೊಳ್ಳಬೇಡಿ. ಇದೊಂದು ಚಾಳಿ, ಬಿಡಿಸಿಕೊಳ್ಳಲೇಬೇಕು. ಹಂಪಿಯ ಕಲ್ಲಿನ ರಥದ ಮುಂದೆ ದಿನಕ್ಕೆ ಎಷ್ಟು ಮೊಬೈಲ್ ಮೇಲೇಳುತ್ತವೋ ಲೆಕ್ಕವಿಲ್ಲ. ಅಲ್ಲಿ ನಿಮ್ಮ ಫೋಟೋ ಗುಂಪಿನಲ್ಲಿ ಗೋವಿಂದ. ಸುರಪುರದ ಒಂದೇ ಒಂದು ಓಣಿಯನ್ನು ಶ್ರದ್ಧೆಯಿಂದ ತೆಗೆಯಿರಿ, ಆ ಓಣಿಯ ಮಟ್ಟಿಗೆ ನೀವೇ ನಂಬರ್ ಒನ್. ಸ್ಪರ್ಧೆ ಕಡಿಮೆ ಇರುವ ಕಡೆ ಕೆಲಸ ಶುರು ಮಾಡುವವರೇ ಬೇಗ ಮೇಲೆ ಬರುತ್ತಾರೆ. ನೀವು ಡಿಗ್ರಿ ವಿದ್ಯಾರ್ಥಿಯಾಗಿರಿ, ಬ್ಯಾಂಕ್ ನೌಕರರಾಗಿರಿ, ಫೋಟೋ ಸ್ಟುಡಿಯೋದಲ್ಲಿ ಅಸಿಸ್ಟೆಂಟ್ ಆಗಿರಿ, ಈ ಹತ್ತು ಸೂತ್ರ ನಿಮಗಾಗಿ.

1. ಮೊದಲು ಪಟ್ಟಿ ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಕಟ್ಟಡಗಳನ್ನು ಬರೆಯಿರಿ: ನಾರಾಯಣಪುರದ ಬಸವಸಾಗರ ಅಣೆಕಟ್ಟೆ, ಛಾಯಾ ಭಗವತಿ ಗುಡಿ, ರಾಜನಕೋಳೂರಿನ ಬೃಹತ್ ಶಿಲಾಯುಗದ ಕಲ್ಲುಮನೆಗಳು, 1705ರಲ್ಲಿ ಔರಂಗಜೇಬ ಖುದ್ದು ಬಂದು ಮುತ್ತಿಗೆ ಹಾಕಿದ ವಾಗಣಗೇರಾ, ಸುರಪುರದ ವೇಣುಗೋಪಾಲಸ್ವಾಮಿ ಗುಡಿ ಮತ್ತು ಟೇಲರ್ ಮಂಜಿಲ್, ಯಾದಗಿರಿಯ ಕೋಟೆ. ಬಲಗಡೆ ದಿನನಿತ್ಯದ ದೃಶ್ಯಗಳು: ವಾರದ ಸಂತೆ, ಬೆಳಗಿನ ಬಸ್‌ಸ್ಟ್ಯಾಂಡ್, ಕಾಲುವೆ ದಂಡೆಯಲ್ಲಿ ಬಟ್ಟೆ ಒಗೆಯುವವರು, ಹತ್ತಿ ಹೇರಿದ ಟ್ರ್ಯಾಕ್ಟರ್, ಮಿರ್ಚಿ ಭಜಿ ಬಂಡಿ, ಮಾಳಿಗೆ ಮೇಲೆ ಒಣಗುವ ಮೆಣಸಿನಕಾಯಿ. ಎರಡೂ ಕಡೆ ಹತ್ತತ್ತು ಆಗುವವರೆಗೆ ಏಳಬೇಡಿ. ಪಟ್ಟಿ ಕೈಯಲ್ಲಿದ್ದರೆ ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗಲಿ ಎಂಬ ಪ್ರಶ್ನೆಯೇ ಬರುವುದಿಲ್ಲ.

2. ಕ್ಯಾಮೆರಾ ನೆಪ ಬಿಡಿ

ಕೈಯಲ್ಲಿರುವ ಮೊಬೈಲ್ ಸಾಕು. ಲೆನ್ಸ್ ಒರೆಸಿ. ಸೆಟ್ಟಿಂಗ್ಸ್‌ಗೆ ಹೋಗಿ ಗ್ರಿಡ್ ಆನ್ ಮಾಡಿ. ಬೆರಳಿನಿಂದ ಝೂಮ್ ಎಳೆಯಬೇಡಿ, ನಡೆದು ಹತ್ತಿರ ಹೋಗಿ. ಡಿಜಿಟಲ್ ಝೂಮ್ ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತದೆ, ಹೊಸ ವಿವರವನ್ನೇನೂ ಕೊಡುವುದಿಲ್ಲ. ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ಟಿಯೆ ಬ್ರೆಸೋಂ ಬಹುಪಾಲು ಕೆಲಸವನ್ನು 50 ಎಂಎಂ ಲೆನ್ಸ್ ಒಂದರಲ್ಲೇ ಮಾಡಿದರು. ಒಂದೇ ಲೆನ್ಸ್ ರೂಢಿಯಾದರೆ ಫ್ರೇಮಿನೊಳಗೆ ಏನೇನು ಬರುತ್ತದೆ ಎಂಬುದು ಮೊಬೈಲ್ ಎತ್ತುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ. ಇಎಂಐ ಮೇಲೆ ಕ್ಯಾಮೆರಾ ಕೊಳ್ಳುವ ಆಸೆ ಇದೆಯೇ? ಮೊದಲು ಮೊಬೈಲಿನಲ್ಲಿ ಒಂದು ಸರಣಿ ಮುಗಿಸಿ.

3. ಬೆಳಕಿಗೆ ಟೈಮ್‌ಟೇಬಲ್ ಹಾಕಿ

ಹೊತ್ತು ಹುಟ್ಟಿದ ಮೇಲಿನ ಒಂದು ತಾಸು, ಮುಳುಗುವ ಮುಂಚಿನ ಒಂದು ತಾಸು. ಈ ಎರಡು ತಾಸು ನಿಮ್ಮವು. ಆಗ ಬೆಳಕು ಅಡ್ಡಲಾಗಿ ಬೀಳುತ್ತದೆ. ಕಲ್ಲಿನ ಮೇಲಿನ ಉಳಿ ಏಟು, ಗಾರೆಯ ಬಿರುಕು ಎಲ್ಲ ಎದ್ದು ಕಾಣುತ್ತವೆ. ಪೂರ್ವಕ್ಕೆ ಮುಖವಿರುವ ಗುಡಿಗೆ ಬೆಳಿಗ್ಗೆ ಹೋಗಿ, ಪಶ್ಚಿಮದ ಕೋಟೆಗೋಡೆಗೆ ಸಂಜೆ ಹೋಗಿ.

ಉತ್ತರಕ್ಕೆ ಮುಖವಿದ್ದರೆ? ನಮ್ಮ ಸೀಮೆ ಇರುವುದು ಹೆಚ್ಚುಕಡಿಮೆ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಹುಟ್ಟುವುದು ಈಶಾನ್ಯದ ಕಡೆ, ಮುಳುಗುವುದು ವಾಯವ್ಯದ ಕಡೆ. ವರ್ಷದ ಹೆಚ್ಚು ಕಾಲ ನೆರಳಲ್ಲಿರುವ ಉತ್ತರದ ಗೋಡೆಗೆ ಚೆನ್ನಾಗಿ ಬಿಸಿಲು ಬೀಳುವುದು ಆಗಲೇ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಉರಿಬಿಸಿಲಿನ ಮಧ್ಯಾಹ್ನ ಹೊರಗೆ ಅಲೆಯಬೇಡಿ. ಆ ಹೊತ್ತನ್ನು ಹಳೆ ಮನೆಗಳ ಒಳಗೆ, ಬೆಳಕಿಂಡಿಯಿಂದ ಪಡಸಾಲೆಗೆ ಇಳಿಯುವ ಬೆಳಕಿಗೆ ಮೀಸಲಿಡಿ.

4. ನಿಲ್ಲುವ ಜಾಗ ನೀವೇ ಆರಿಸಿ

ಶಹಾಪುರದ ಮಲಗಿದ ಬುದ್ಧನನ್ನು ನೋಡಿ. ಹತ್ತಿರ ಹೋದರೆ ಬರೀ ಬಂಡೆಗುಡ್ಡ. ದೂರದಲ್ಲಿ ಸರಿಯಾದ ಕೋನಕ್ಕೆ ನಿಂತರೆ ಹಣೆ, ಮೂಗು, ಎದೆ ಒಂದಕ್ಕೊಂದು ಕೂಡಿಕೊಂಡು ಬುದ್ಧ ಕಾಣುತ್ತಾನೆ. ಗುಡ್ಡ ಇದ್ದಲ್ಲೇ ಇದೆ, ನೀವು ಜಾಗ ಬದಲಿಸಿದಿರಿ. ಎಲ್ಲ ಕಟ್ಟಡಕ್ಕೂ ಇದೇ ರೂಲ್. ಬೈಕ್ ಇಳಿದ ಕೂಡಲೇ ಕ್ಲಿಕ್ ಮಾಡಬೇಡಿ, ಒಂದು ಸುತ್ತು ಹಾಕಿ. ಮೊಬೈಲನ್ನು ಮೇಲಕ್ಕೆ ವಾಲಿಸಿದರೆ ಗೋಡೆಗಳು ಹಿಂದಕ್ಕೆ ಬಿದ್ದಂತೆ ಕಾಣುತ್ತವೆ. ಅದಕ್ಕೇ ಹಿಂದೆ ಸರಿಯಿರಿ, ಇಲ್ಲವೇ ಮನೆಯವರನ್ನು ಕೇಳಿ ಎದುರಿನ ಮಾಳಿಗೆ ಹತ್ತಿ, ಮೊಬೈಲ್ ನೆಟ್ಟಗೆ ಹಿಡಿಯಿರಿ. ಕಂಬ ನೆಟ್ಟಗಿರುವ ಫೋಟೋ ಕಂಡರೆ ತೆಗೆದವರಿಗೆ ಕೆಲಸ ಗೊತ್ತು ಅಂತ ನೋಡಿದ ಕೂಡಲೇ ತಿಳಿಯುತ್ತದೆ.

5. ಮೂರು ದೂರದಿಂದ ತೆಗೆಯಿರಿ

ಮೊದಲು ಓಣಿಯ ಸಮೇತ ಮನೆ. ಆಮೇಲೆ ಬಾಗಿಲು. ಕೊನೆಗೆ ಬಾಗಿಲಿನ ಒಂದು ಮೊಳದಷ್ಟು ಜಾಗ. ಈ ಮೂರನೆಯದನ್ನೇ ಎಲ್ಲರೂ ಬಿಡುತ್ತಾರೆ. ಹಳೆಯ ವಾಡೆಯೊಂದರ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಹೊಸ್ತಿಲಿಗೆ ಹಚ್ಚಿದ ಅರಿಷಿಣ ಕುಂಕುಮ. ಚಿಲಕದ ಸರಪಳಿ ತೂಗಾಡಿ ತೂಗಾಡಿ ಕಟ್ಟಿಗೆಯಲ್ಲಿ ಕೊರೆದ ಅರ್ಧಚಂದ್ರ. ದಿನಾ ಕೈ ತಾಗುವಲ್ಲಿ ಮಾತ್ರ ಮಿರುಗುವ ಚೌಕಟ್ಟು. ಪಕ್ಕದ ಗೋಡೆಯಲ್ಲಿ ನೀಲಿ ಸುಣ್ಣ ಉದುರಿ ಕೆಳಗಿನ ಬಿಳಿ ಸುಣ್ಣ ಹೊರಬಿದ್ದಿದೆ. ಅದರ ಮೇಲೆ ಪಲ್ಸ್ ಪೋಲಿಯೋದವರು ಸೀಮೆಸುಣ್ಣದಲ್ಲಿ ಬರೆದುಹೋದ ತಾರೀಖು. ದೂರದ ಫೋಟೋದಿಂದ ಮನೆ ಎಲ್ಲಿದೆ ಅಂತ ತಿಳಿಯುತ್ತದೆ, ಹತ್ತಿರದ ಫೋಟೋದಿಂದ ಅಲ್ಲಿ ಜನ ಹೇಗೆ ಬಾಳಿದರು ಅಂತ ತಿಳಿಯುತ್ತದೆ. ಪತ್ರಿಕೆಯವರಿಗೆ ಒಂದು ಪುಟ ತುಂಬಲು ಮೂರೂ ಬೇಕು.

6. ಗದ್ದಲ ಇಲ್ಲದ ದಿನವೂ ಹೋಗಿ

ಬಸವಸಾಗರಕ್ಕೆ 30 ಗೇಟುಗಳಿವೆ. ಗೇಟು ಎತ್ತಿದ ದಿನ ಊರಿನ ಎಲ್ಲರ ಸ್ಟೇಟಸ್‌ನಲ್ಲೂ ಅದೇ ವಿಡಿಯೋ. ಗೇಟು ಇಳಿಸಿದ ದಿನ ನೀವು ಹೋಗಿ. ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಛಾಯಾ ಭಗವತಿ ಗುಡಿ ಜಲಾವೃತವಾಗುತ್ತದೆ. ನೀರು ಇಳಿದ ಮೇಲೆ ಮೆಟ್ಟಿಲುಗಳು ಮತ್ತೆ ಕಾಣುತ್ತವೆ. ಸುರಕ್ಷಿತವಾದ ಒಂದು ಜಾಗ ಗೊತ್ತುಮಾಡಿಕೊಂಡು ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಅಲ್ಲಿಂದಲೇ ಅದೇ ಫ್ರೇಮ್ ತೆಗೆಯಿರಿ. ವೇಣುಗೋಪಾಲಸ್ವಾಮಿ ಜಾತ್ರೆಯ ಸ್ತಂಭಾರೋಹಣದಲ್ಲಿ ಎಲ್ಲ ಕ್ಯಾಮೆರಾಗಳೂ ಕಂಬ ಹತ್ತುವವರ ಮೇಲಿರುತ್ತವೆ. ನೀವು ಹಿಂದೆ ತಿರುಗಿ, ಕತ್ತೆತ್ತಿ ನೋಡುತ್ತಿರುವ ಮುಖಗಳನ್ನು ತೆಗೆಯಿರಿ. ಒಂದು ಒಳ್ಳೆ ಫೋಟೋ ಅದೃಷ್ಟದಿಂದಲೂ ಬರಬಹುದು, ಸರಣಿಗೆ ಮಾತ್ರ ಶಿಸ್ತು ಬೇಕೇ ಬೇಕು. ಹಾಂ, ಅಣೆಕಟ್ಟೆಯ ಹತ್ತಿರ ಹಾಕಿದ ಬೋರ್ಡ್ ಓದಿ. ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ.

7. ಕೇಳಿ ತೆಗೆಯಿರಿ

"ಕಾಕಾ, ನಿಮ್ದೊಂದ್ ಫೋಟೋ ತಕ್ಕೊಳ್ಳೇನ್ರೀ?" ಇಷ್ಟು ಕೇಳಲು ನಾಚಿಕೆ ಏಕೆ? ಬೇಡ ಅಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ಹೂಂ ಅಂದರೆ ಅವಸರ ಮಾಡಬೇಡಿ. ಮೊದಲ ಫೋಟೋಕ್ಕೆ ಅವರು ನೆಟ್ಟಗೆ ನಿಂತು ಪೋಸ್ ಕೊಡುತ್ತಾರೆ. ಅದನ್ನೂ ತೆಗೆಯಿರಿ, ಮಾತಾಡುತ್ತಾ ಇರಿ, ಅವರು ಮತ್ತೆ ತಕ್ಕಡಿ ಹಿಡಿದಾಗ ನಿಮಗೆ ಬೇಕಾದದ್ದು ಸಿಗುತ್ತದೆ. ಮಕ್ಕಳ ಫೋಟೋಕ್ಕೆ ತಂದೆತಾಯಿಯ ಒಪ್ಪಿಗೆ ಪಡೆಯಿರಿ. ಪ್ರಿಂಟ್ ಕೊಡುತ್ತೇನೆ ಅಂದಿದ್ದರೆ ಮುಂದಿನ ಸಂತೆಗೆ ಒಯ್ದು ಕೊಡಿ.

ಮೈಸೂರಿನ ಟಿ.ಎಸ್. ಸತ್ಯನ್ ಜೀವನವಿಡೀ ಕ್ಯಾಮೆರಾ ತಿರುಗಿಸಿದ್ದು ಸಾಮಾನ್ಯ ಜನರ ಕಡೆಗೆ. ಅವರಿಗೆ 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೋಗಳು ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡವು. ದಿನನಿತ್ಯದ ಬದುಕು ಚಿಕ್ಕ ಸಬ್ಜೆಕ್ಟ್ ಅಂತ ಇನ್ನು ಮೇಲೆ ಹೇಳಬೇಡಿ.

8. ಕೆಡವುವ ಮೊದಲು ತಲುಪಿ

ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬರುತ್ತಿದೆ. ಬರಲಿ, ಸೋರದ ಮನೆ ಎಲ್ಲರಿಗೂ ಬೇಕು. ಅದಕ್ಕಾಗಿ ಹಲುಬುತ್ತ ಕೂರಬೇಡಿ, ಮೊದಲೇ ಹೋಗಿ ದಾಖಲಿಸಿ. ಊರ ಅಗಸಿ, ಹುಡೇವು, ಮೆಟ್ಟಿಲಬಾವಿ, ಹಂಚಿನ ಶಾಲೆ ಇವು ಪಟ್ಟಿಯ ಮೇಲ್ತುದಿಗೆ ಬರಲಿ. ಅಮೆರಿಕದ ಶಿಕಾಗೊದಲ್ಲಿ ರಿಚರ್ಡ್ ನಿಕೆಲ್ ಎಂಬ ಫೋಟೋಗ್ರಾಫರ್ ಇದ್ದರು. ಲೂಯಿಸ್ ಸಲಿವನ್ ಎಂಬ ದೊಡ್ಡ ವಾಸ್ತುಶಿಲ್ಪಿಯ ಕಟ್ಟಡಗಳನ್ನು ಒಂದೊಂದಾಗಿ ಕೆಡವುತ್ತಿದ್ದಾಗ ಇವರು ಹಿಂದೆಯೇ ಹೋಗಿ ಫೋಟೋ ತೆಗೆದರು. ಹಲವು ಕಟ್ಟಡಗಳು ಇವತ್ತು ಆ ಫೋಟೋಗಳಲ್ಲಷ್ಟೇ ಉಳಿದಿವೆ. 1972ರಲ್ಲಿ ಅಂಥದೇ ಒಂದು ಕಟ್ಟಡ, ಹಳೆಯ ಸ್ಟಾಕ್ ಎಕ್ಸ್‌ಚೇಂಜ್, ಅವರ ಮೇಲೆಯೇ ಕುಸಿದು ಜೀವ ಹೋಯಿತು. ಇವರಿಂದ ಎರಡು ಪಾಠ ಕಲಿಯಿರಿ: ಬೇಗ ಹೋಗಿ, ಆದರೆ ಬೀಳುವ ಮಾಳಿಗೆಯ ಕೆಳಗೆ ಕಾಲಿಡಬೇಡಿ.

9. ಕ್ಯಾಪ್ಶನ್ ಬರೆಯದೆ ಮಲಗಬೇಡಿ

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನಿಮಗೆಲ್ಲ ಗೊತ್ತು. 1844ರಲ್ಲಿ ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಬರಹಗಾರ. ಪಿಗೌ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಫೋಟೋಗಳು 1866ರಲ್ಲಿ ಲಂಡನ್‌ನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಆ ಫೋಟೋಗಳಿಗೆ ಇತಿಹಾಸದ ವಿವರಣೆ ಬರೆದದ್ದು ಇದೇ ಟೇಲರ್. ಕರ್ನಾಟಕದ ಕಟ್ಟಡಗಳ ಮೊದಮೊದಲ ಫೋಟೋ ಪುಸ್ತಕಗಳಲ್ಲಿ ಒಂದಕ್ಕೆ ನಿಮ್ಮ ಸುರಪುರದ ನಂಟು ಇದೆ. ಮೂವರು ಫೋಟೋ ತೆಗೆದರು, ಜೊತೆಗೆ ಬರಹವೂ ಸೇರಿದ್ದರಿಂದ ಪುಸ್ತಕಕ್ಕೆ ತೂಕ ಬಂತು.

ಫೋಟೋ ತೆಗೆಯುವುದು, ಬರೆಯುವುದು ಎರಡೂ ಕೆಲಸವನ್ನು ನೀವೇ ಮಾಡಿ. ಪ್ರತಿ ಫೋಟೋಕ್ಕೆ ನಾಲ್ಕು ವಿವರ ಸಾಕು: ಯಾವ ಊರು, ಯಾವ ಜಾಗ, ಯಾವ ತಾರೀಖು, ಏನು ನಡೆಯುತ್ತಿದೆ. "ಸುಂದರ ಮುಂಜಾವು" ಅಂತ ಬರೆಯಬೇಡಿ. ಕಟ್ಟಡದ ಭಾಗಗಳಿಗೆ ಊರಿನ ಹಿರಿಯರು ಏನನ್ನುತ್ತಾರೋ ಅದನ್ನೇ ಬರೆಯಿರಿ. ತೊಲಬಾಗಿಲು, ಹಗೇವು, ಕಟ್ಟೆ ಎಂಬ ಮಾತುಗಳು ಸಂಶೋಧಕರಿಗೆ ಫೋಟೋದಷ್ಟೇ ಮುಖ್ಯ. ಅದೇ ರಾತ್ರಿ ಫೈಲುಗಳನ್ನು ಊರು, ತಾರೀಖಿನ ಪ್ರಕಾರ ಫೋಲ್ಡರ್ ಮಾಡಿ, ಒಂದು ಕಾಪಿ ಹಾರ್ಡ್ ಡಿಸ್ಕಿಗೆ, ಇನ್ನೊಂದು ಕ್ಲೌಡ್‌ಗೆ ಹಾಕಿ. ಮೊಬೈಲ್ ಕೆರೆಗೆ ಬಿದ್ದರೂ ಕೆಲಸ ಉಳಿಯುತ್ತದೆ.

10. ಹೊರಗೆ ತೋರಿಸಿ, ಹಕ್ಕು ತಿಳಿದುಕೊಳ್ಳಿ

ಶಿಕಾಗೊದಲ್ಲೇ ವಿವಿಯನ್ ಮೇಯರ್ ಎಂಬ ಹೆಂಗಸು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಲೇ ಬೀದಿಯ ಬದುಕಿನ ಒಂದು ಲಕ್ಷಕ್ಕೂ ಹೆಚ್ಚು ಫೋಟೋ ತೆಗೆದರು. ಹೊರಗಿನವರಿಗೆ ತೋರಿಸಲೇ ಇಲ್ಲ. 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಿನಲ್ಲಿ ಬೇರೆಯವರ ಪಾಲಾದವು. 2009ರಲ್ಲಿ ಅವರು ತೀರಿಹೋದರು, ಹೆಸರು ಬಂದದ್ದು ಆಮೇಲೆ. ನೀವು ಅಷ್ಟು ಕಾಯಬೇಡಿ. 12 ಫೋಟೋ ಆರಿಸಿ, ಕಾಲೇಜಿನ ಹಾಲ್‌ನಲ್ಲಿ ಪ್ರದರ್ಶನ ಇಡಿ. ಪತ್ರಿಕೆಗಳ ಭಾನುವಾರದ ಪುರವಣಿಗೆ ಕಳಿಸಿ. ಸ್ಮಾರಕಗಳ ಫೋಟೋಗಳಿಗಾಗಿ ವಿಕಿ ಲವ್ಸ್ ಮಾನ್ಯುಮೆಂಟ್ಸ್ ಎಂಬ ಸ್ಪರ್ಧೆ ಸೆಪ್ಟೆಂಬರಿನಲ್ಲಿ ನಡೆಯುತ್ತದೆ, ಅದಕ್ಕೂ ಹಾಕಿ. ಅಲ್ಲಿ ಹಾಕಿದ ಫೋಟೋವನ್ನು ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಎಂಬುದು ನೆನಪಿರಲಿ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಟ್ಟಡದ ಫೋಟೋ ತೆಗೆದು ಪ್ರಕಟಿಸುವುದು ಆ ಕಟ್ಟಡದ ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ನಿಮ್ಮಷ್ಟಕ್ಕೆ ನೀವು ತೆಗೆದ ಫೋಟೋದ ಹಕ್ಕು ನಿಮ್ಮದೇ. ಯಾರಾದರೂ ದುಡ್ಡು ಕೊಟ್ಟು ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಹಕ್ಕು ಅವರದಾಗುತ್ತದೆ. ಅದಕ್ಕೇ ಕೆಲಸ ಒಪ್ಪಿಕೊಳ್ಳುವ ಮೊದಲು ಷರತ್ತುಗಳನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರಹದಲ್ಲಿ ಇಟ್ಟುಕೊಳ್ಳಿ.

ಇನ್ನು ಯೋಚನೆ ಸಾಕು. ಇವತ್ತು ರಾತ್ರಿ ಪಟ್ಟಿ ಮಾಡಿ. ಬರುವ ಭಾನುವಾರ ಹೊತ್ತು ಹುಟ್ಟುವ ಮೊದಲೇ ಮೊದಲ ಜಾಗಕ್ಕೆ ತಲುಪಿ, ಮೂರು ದೂರದಿಂದ ಮೂರು ಫೋಟೋ ತೆಗೆದು, ಮೂರಕ್ಕೂ ಕ್ಯಾಪ್ಶನ್ ಬರೆದು ಮಲಗಿ. ಒಂದು ವರ್ಷ ಒಂದು ಭಾನುವಾರವನ್ನೂ ಬಿಡದೆ ಹೀಗೆ ಮಾಡಿದರೆ ನಿಮ್ಮ ಕೈಯಲ್ಲಿ 156 ಫೋಟೋಗಳ ಒಂದು ಸಂಗ್ರಹ ಇರುತ್ತದೆ.