ಕಾರ್ಡಿನ ಬಲಾಬಲ

ರಿಚರ್ಡ್ ಗಾರ್ಫೀಲ್ಡರು ರಚಿಸಿ 1993ರಲ್ಲಿ ಪ್ರಕಟವಾದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಿನಾಟದಲ್ಲಿ ‘ಡ್ರಾಫ್ಟ್’ ಎಂಬ ಪಂದ್ಯಕ್ರಮವುಂಟು. ಆಟಗಾರನು ಹೊಸ ಪೊಟ್ಟಣವನ್ನೊಡೆದು, ಒಂದು ಕಾರ್ಡನ್ನಾಯ್ದು, ಉಳಿದುವನ್ನು ನೆರೆಯವನಿಗೆ ದಾಟಿಸಬೇಕು. ಒಳ್ಳೆಯದನ್ನು ಬಿಟ್ಟರೆ ಮರಳಿ ಬರುವುದು ದುರ್ಲಭ.

ಹಾಗಾದರೆ ಬಲಿಷ್ಠವಾದ ಕಾರ್ಡು ಯಾವುದು? ಗಣಿತವನ್ನು ಕೇಳೋಣ. 40 ಕಾರ್ಡುಗಳ ಕಟ್ಟಿನಲ್ಲಿ ಸಾಮಾನ್ಯವಾಗಿ 17 ‘ಭೂಮಿ’ಗಳಿರುತ್ತವೆ, ಉಳಿದ ಕಾರ್ಡುಗಳ ಬೆಲೆಯನ್ನು ತೆರುವುದು ಇವುಗಳಿಂದಲೇ. ಮೊದಲಾಡುವವನು ಏಳನೆಯ ಸರದಿಯ ಹೊತ್ತಿಗೆ 13 ಕಾರ್ಡುಗಳನ್ನು ಕಾಣುವನು. 13×17÷40 ಎಂದರೆ ಭೂಮಿ ಸರಾಸರಿ ಐದೂವರೆ. ಏಳು ಭೂಮಿ ಬೇಡುವ ಘೋರ ರಾಕ್ಷಸನು ಆಗಲೂ ಕೈಯಲ್ಲಿಯೇ ಉಳಿಯುವ ಸಂಭವ ಹೆಚ್ಚು. ಎರಡೇ ಭೂಮಿಗೆ ಕಣಕ್ಕಿಳಿಯುವ ಸಾಮಾನ್ಯ ಯೋಧನೂ, ವೈರಿಯ ಯೋಧನನ್ನು ಅಗ್ಗದಲ್ಲಿ ಕೆಡಹುವ ಮಂತ್ರವೂ ಅಷ್ಟರಲ್ಲಿ ಕಾಳಗವನ್ನೇ ಮುಗಿಸಿರಬಹುದು.

ಆದುದರಿಂದ, ವಿದ್ಯಾರ್ಥಿಗಳೇ, ಮೊದಲು ಮೇಲಿನ ಬಲಮೂಲೆಯ ಬೆಲೆಯನ್ನು ಓದಿರಿ. ಚಿತ್ರವನ್ನು ಆಮೇಲೆ ನೋಡಬಹುದು.